ಬಾದಾಮಿ ಬಂಡೆ: ಹಿಮವಿಲ್ಲದ ಊರಿನ ಚಳಿಗಾಲದ ಸಾಹಸ

ಇಲ್ಲಿ ಹಿಮ ಬೀಳುವುದಿಲ್ಲ. ಬಾಗಲಕೋಟೆ, ಹುನಗುಂದ, ಇಳಕಲ್ಲಿನವರಿಗೆ ಆಕಾಶದಿಂದ ಬೀಳುವ ಮಂಜುಗಡ್ಡೆ ಎಂದರೆ ಬೇಸಿಗೆಯ ಆಲಿಕಲ್ಲು ಮಳೆ, ಅಷ್ಟೆ. ಆದರೂ ಚಳಿಗಾಲದ ಸಾಹಸ ಕ್ರೀಡೆಯೊಂದು ಬಾದಾಮಿಯಲ್ಲಿ ಬೇರೂರಿದೆ: ಬಂಡೆ ಏರುವುದು. ನವೆಂಬರ್‌ನಿಂದ ಫೆಬ್ರುವರಿವರೆಗೆ ದೇಶ-ವಿದೇಶಗಳ ಆರೋಹಿಗಳು ಹಗ್ಗ ಹೆಗಲಿಗೇರಿಸಿಕೊಂಡು ಬರುತ್ತಾರೆ.

ಚಳಿಗಾಲವೇ ಏಕೆ? ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದಾಗ ಬಂಡೆ ಕಾದ ಹಂಚಾಗುತ್ತದೆ, ಬೆವರಿದ ಬೆರಳು ಜಾರುತ್ತದೆ. ಚಳಿಯಲ್ಲಿ ಕಲ್ಲು ತಂಪಾಗಿರುತ್ತದೆ, ಹಿಡಿತ ಬಿಗಿಯಾಗುತ್ತದೆ.

ಹತ್ತಿರ ನಿಂತು ನೋಡಿ. ಕೆಂಪು ಮರಳುಗಲ್ಲಿನ ಮೈತುಂಬ ಅಡ್ಡಗೆರೆಗಳು. ಕೋಟ್ಯಂತರ ವರ್ಷಗಳ ಹಿಂದೆ ನೀರು ಹಾಸಿದ ಮರಳಿನ ಪದರಗಳಿವು. ಅವುಗಳ ನಡುವಿನ ಅಂಚು, ಸಂದು, ಪೊಟರೆಗಳೇ ಆರೋಹಿಯ ಬೆರಳಿಗೆ ಆಸರೆ. ಇಲ್ಲಿನ ಅತಿ ಕಠಿಣ ದಾರಿಗಳಲ್ಲೊಂದರ ಹೆಸರು ‘ಗಣೇಶ’. ಇದೇ ಕಲ್ಲನ್ನು ಕೊರೆದು ಚಾಲುಕ್ಯರು ಗುಹಾಲಯಗಳನ್ನು ಮಾಡಿಸಿದರು. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು.

ಹಿಮಾಲಯದ ಬಂಡೆಗಳ ಪಾಡೇ ಬೇರೆ. ಬಿರುಕಿಗಿಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಕಲ್ಲನ್ನೇ ಸೀಳುತ್ತದೆ. ಬಾದಾಮಿಗೆ ಆ ಕಾಟವಿಲ್ಲ. ಆದರೆ ಮಳೆಗೆ ನೆನೆದ ಮರಳುಗಲ್ಲು ಬಲ ಕಳೆದುಕೊಳ್ಳುತ್ತದೆ. ಆಗ ಭಾರ ಬಿದ್ದರೆ ಅಂಚು ಮುರಿದು ಕೈಗೇ ಬರುತ್ತದೆ. ಹೋದ ಅಂಚು ಮರಳಿ ಬೆಳೆಯುವುದಿಲ್ಲ.

ಮಳೆಯಾದ ಮೇಲೆ ಬಂಡೆ ಪೂರ್ತಿ ಒಣಗುವವರೆಗೆ ದಯವಿಟ್ಟು ಏರಬೇಡಿ. ಗುಹಾಲಯ, ಗುಡಿ, ಕೋಟೆಗೋಡೆಗಳನ್ನು ಎಂದಿಗೂ ಹತ್ತಬೇಡಿ. ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ.