ವೈದ್ಯ ವಿದ್ಯೆ ಹಾಸನಕ್ಕೆ ಬಂದ ದಾರಿ

ಅರಸೀಕೆರೆಯ ಮಾಲೇಕಲ್ಲು ಬೆಟ್ಟದ ಸುತ್ತಲಿನ ಹಳ್ಳಿಗರಾಗಲಿ, ಬೇಲೂರು, ಹಳೇಬೀಡಿನವರಾಗಲಿ, ಕಾಯಿಲೆ ಕೈಮೀರಿದಾಗ ಹಿಡಿಯುವುದು ಹಾಸನದ ದಾರಿ. 2006ರಲ್ಲಿ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ವೈದ್ಯ ವಿದ್ಯೆ ಜಿಲ್ಲೆಯ ಬಾಗಿಲಿಗೆ ಬರಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿದಿತ್ತು.

ಮೈಸೂರು ಸಂಸ್ಥಾನದಲ್ಲಿ ಮೊದಲು ಇಂಥ ಶಾಲೆಯೇ ಇರಲಿಲ್ಲ. 1881ರಿಂದ ಸರ್ಕಾರವು ಯುವಕರನ್ನು ಆಯ್ದು, ವಿದ್ಯಾರ್ಥಿವೇತನ ಕೊಟ್ಟು ಹೊರಪ್ರಾಂತಗಳಿಗೆ ಕಳುಹಿಸುತ್ತಿತ್ತು. ಹಿಂದಿರುಗಿ ಸರ್ಕಾರದ ಸೇವೆ ಮಾಡುವುದಾಗಿ ಅವರು ಮುಚ್ಚಳಿಕೆ ಬರೆದುಕೊಡಬೇಕಿತ್ತು. 1917ರಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಶಾಲೆ ತೆರೆಯಿತು. ಅಲ್ಲಿ ದೊರೆಯುತ್ತಿದ್ದುದು ಎಲ್.ಎಂ.ಪಿ. ಡಿಪ್ಲೊಮಾ ಮಾತ್ರ. 1924ರಲ್ಲಿ ಅದೇ ಶಾಲೆ ಮೈಸೂರು ವಿಶ್ವವಿದ್ಯಾನಿಲಯದ ಕಾಲೇಜಾಯಿತು. 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡು ಕೃಷ್ಣರಾಜೇಂದ್ರ ಆಸ್ಪತ್ರೆಯ ಜೊತೆ ಬೆಳೆಯಿತು.

ವಿಶ್ವವಿದ್ಯಾನಿಲಯದ ನಂಟು ಏಕೆ ಬೇಕಿತ್ತು? ವೈದ್ಯ ವೃತ್ತಿಗೆ ಕೈಚಳಕದೊಂದಿಗೆ ವಿಜ್ಞಾನದ ತಳಹದಿಯೂ ಅಗತ್ಯವೆಂಬ ವಿಚಾರ ಆಗ ಜಗತ್ತಿನಲ್ಲಿ ಬಲಗೊಳ್ಳುತ್ತಿತ್ತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ 1893ರಲ್ಲಿ ಆರಂಭವಾದಾಗಲೇ ಪದವೀಧರರಿಗಷ್ಟೇ ಪ್ರವೇಶ ನೀಡಿ, ವಾರ್ಡು, ಪ್ರಯೋಗಾಲಯ, ಸಂಶೋಧನೆಗಳನ್ನು ಒಂದುಗೂಡಿಸಿತ್ತು. ನಮ್ಮಲ್ಲಿ ಪಿಯುಸಿ ಮುಗಿಸಿದವರೇ ಎಂ.ಬಿ.ಬಿ.ಎಸ್. ಸೇರುತ್ತಾರೆ, ನಾಲ್ಕೂವರೆ ವರ್ಷದ ಓದಿನ ನಂತರ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು ಕಲಿಯುತ್ತಾರೆ.

ಕಲಿತವರನ್ನು ಹಳ್ಳಿಯಲ್ಲಿ ನಿಲ್ಲಿಸುವುದು ಮಾತ್ರ ಇಂದಿಗೂ ಕಷ್ಟ. 1881ರ ಮುಚ್ಚಳಿಕೆಯ ಆಶಯವೇ ಕರ್ನಾಟಕದ 2012ರ ಕಡ್ಡಾಯ ಸೇವಾ ಕಾಯ್ದೆಯಲ್ಲೂ ಇತ್ತು. 2023ರ ತಿದ್ದುಪಡಿ ಅದನ್ನು ಖಾಲಿ ಹುದ್ದೆಗಳಿಗೆ ಸೀಮಿತಗೊಳಿಸಿತು. ಕಾಲೇಜು ಹಾಸನಕ್ಕೆ ಬಂದಿದೆ. ವೈದ್ಯರು ತಾಲ್ಲೂಕಿನಾಚೆಯ ಹಳ್ಳಿಯನ್ನೂ ತಲುಪಿದಾಗಲೇ ಈ ದಾರಿ ಪೂರ್ಣವಾದೀತು.