ಕಾಕಾನ ನೋವಿನ ಗುಳಿಗಿ: ಟ್ರಮಡಾಲ್ ಕಾನೂನಿನ ಪಟ್ಟಿಗೆ ಸೇರಿದ ಕಥೆ

1/6
ಆದಿತ್ಯನಗರದಿಂದ ಶಹಾಬಾದ್‌ವರೆಗೆ ಎಲ್ಲಿ ನೋಡಿದ್ರೂ ಸಿಮೆಂಟು, ಫರ್ಸಿ ಕಲ್ಲು. ಸೊಂಟ ನೋವು ಇಲ್ಲದ ಮನಿ ಸಿಗೋದು ಕಷ್ಟ. ನಮ್ಮ ಕಾಕಾ ಫರ್ಸಿ ಖಣಿಯಾಗ ದುಡಿದವರು. ಸೊಂಟ ಹಿಡಿದಾಗ ಡಾಕ್ಟರ್ ಐದು ದಿನಕ್ಕಂತ ಟ್ರಮಡಾಲ್ ಇರೋ ಗುಳಿಗಿ ಬರೆದುಕೊಟ್ರು. ಅದೇ ಹಳೇ ಚೀಟಿ ಮ್ಯಾಲ ಕಾಕಾ ಎಂಟು ತಿಂಗಳು ತಗೊಂಡ್ರು. ಗುಳಿಗಿ ತಪ್ಪಿದ ದಿನ ಮೈಯೆಲ್ಲ ಬೆವರು, ಕಾಲು ಸೆಳೆತ, ರಾತ್ರಿ ನಿದ್ದಿ ಇಲ್ಲ. ಮನ್ಯಾಗ ಎಲ್ಲರೂ ಜ್ವರ ಅಂದ್ಕೊಂಡ್ವಿ. ಅದು ಜ್ವರ ಆಗಿರಲಿಲ್ಲ. ಕಾಕಾನ ಒಪ್ಪಿಗಿ ತಗೊಂಡೇ ಇದನ್ನ ಬರೀತಿದೀನಿ.

2/6
ಈ ಔಷಧ ಎಲ್ಲಿಂದ ಬಂತು? 1962ರಲ್ಲಿ ಜರ್ಮನಿಯ ಗ್ರೂನೆಂಥಾಲ್ ಕಂಪನಿಯಲ್ಲಿ ತಯಾರಾಯ್ತು. ಅಫೀಮು ಗಿಡದ ಹಂಗಿಲ್ಲ, ಪೂರ್ತಿ ಲ್ಯಾಬಿನಲ್ಲಿ ಮಾಡಿದ್ದು. 1977ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ಮಾರ್ಫಿನ್‌ಗಿಂತ ಸೌಮ್ಯ, ಚಟ ಹತ್ತೋದು ಕಡಿಮೆ ಅನ್ನೋ ನಂಬಿಕೆಯಿಂದ ಬಹಳ ವರ್ಷ ಇದರ ಮೇಲೆ ಬಿಗಿ ಇರಲಿಲ್ಲ. ಅಮೆರಿಕ 1995ರಲ್ಲಿ ಒಪ್ಪಿಗೆ ಕೊಟ್ಟು, ನಿಯಂತ್ರಿತ ಪಟ್ಟಿಗೆ ಹಾಕಿದ್ದು 2014ರಲ್ಲಿ. ನಡುವೆ 19 ವರ್ಷ!

3/6
ಒಳಗ ಏನಾಗ್ತದ? ನಮ್ಮ ಲಿವರ್ ಟ್ರಮಡಾಲನ್ನ ಅದಕ್ಕಿಂತ ಜೋರಾದ ಇನ್ನೊಂದು ವಸ್ತು ಮಾಡ್ತದ. ಅದು ಮಿದುಳಿನಾಗ ಮಾರ್ಫಿನ್ ಹೋಗಿ ಕೂಡೋ ಜಾಗದಾಗೇ ಕೂಡ್ತದ. ಎಲ್ಲರ ಲಿವರ್ ಒಂದೇ ವೇಗದಲ್ಲಿ ಈ ಕೆಲಸ ಮಾಡಲ್ಲ. ಹಂಗಾಗಿ ಒಬ್ಬರಿಗೆ ಸಾಕಾಗದ ಗುಳಿಗಿ ಇನ್ನೊಬ್ಬರಿಗೆ ವಿಪರೀತ ಆಗಬಹುದು. ಜಾಸ್ತಿ ಆದ್ರ ಫಿಟ್ಸ್ ಬರಬಹುದು. ದಾರೂ ಅಥವಾ ನಿದ್ದಿ ಗುಳಿಗಿ ಜೊತೆ ಸೇರಿದ್ರ ಉಸಿರಾಟವೇ ನಿಧಾನ ಆಗಿ ಜೀವ ಹೋಗಬಹುದು. "ಬರೀ ನೋವಿನ ಗುಳಿಗಿ" ಅನ್ನೋ ಮಾತು ಇಲ್ಲಿ ನಡೆಯಲ್ಲ.

4/6
ಭಾರತದ ಕಥೆ. 2014ರ ಮಾರ್ಚಿನಿಂದ ಇದು ಶೆಡ್ಯೂಲ್ ಎಚ್1ರಲ್ಲಿ: ಚೀಟಿ ಬೇಕು, ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೀಬೇಕು. ಆದರೆ ಕಳ್ಳಸಾಗಣೆ ನಿಲ್ಲಲಿಲ್ಲ. 2017ರ ಮೇನಲ್ಲಿ ಇಟಲಿಯ ಜಿನೋವಾ ಬಂದರಿನಲ್ಲಿ ಸುಮಾರು 3.7 ಕೋಟಿ ಟ್ರಮಡಾಲ್ ಗುಳಿಗೆ ಸಿಕ್ಕವು. ಹೊರಟಿದ್ದು ಭಾರತದಿಂದ, ಹೋಗಬೇಕಿದ್ದದ್ದು ಲಿಬಿಯಾಕ್ಕೆ. ಮರುವರ್ಷ, 2018ರ ಏಪ್ರಿಲಿನಲ್ಲಿ, ಕೇಂದ್ರ ಸರ್ಕಾರ ಟ್ರಮಡಾಲನ್ನ 1985ರ ಎನ್‌ಡಿಪಿಎಸ್ ಕಾಯ್ದೆಯೊಳಗೆ ತಂತು.

5/6
ಈಗ ಬಿಕಾಂನವರ ಲೆಕ್ಕ 😅 ಕಾಯ್ದೆ ಪ್ರಕಾರ 5 ಗ್ರಾಂ ಅಂದ್ರ "ಸಣ್ಣ ಪ್ರಮಾಣ", 250 ಗ್ರಾಂ ಅಂದ್ರ "ವಾಣಿಜ್ಯ ಪ್ರಮಾಣ". ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ ಜೈಲು. 50 ಮಿಲಿಗ್ರಾಂನ 100 ಗುಳಿಗಿ ಸೇರಿದ್ರ 5 ಗ್ರಾಂ ಅಂತ ನಾನೂ ಲೆಕ್ಕ ಹಾಕಿದೆ. ತಪ್ಪು! 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮದ್ದಿನ ಜೊತೆ ಕಲೆಸಿದ ಪುಡಿಯ ತೂಕವೂ ಸೇರಬೇಕು ಅಂತು. ಅಂದ್ರ ಇಡೀ ಗುಳಿಗಿಯ ತೂಕ. "ಸ್ವಲ್ಪ ತಂದುಕೊಡು" ಅನ್ನೋ ದೋಸ್ತನ ಮಾತು ಕೇಳೋ ಮುಂಚೆ ಈ ಲೆಕ್ಕ ನೆನಪಿರಲಿ.

6/6
ಆದರೆ ಇದೇ ಕಾಯ್ದೆಯಲ್ಲಿ ಒಂದು ಬಾಗಿಲೂ ಅದ. ಚಟಕ್ಕೆ ಬಿದ್ದವರು ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿದ್ದು, ತಾವಾಗಿಯೇ ಸರ್ಕಾರದ ಮಾನ್ಯತೆ ಇರೋ ಕಡೆ ಚಿಕಿತ್ಸೆ ಪೂರ್ತಿ ಮಾಡಿದರೆ, 64ಎ ಕಲಂ ಅವರನ್ನ ಶಿಕ್ಷೆಯಿಂದ ಉಳಿಸ್ತದ. ಡಾಕ್ಟರ್ ಚೀಟಿ ಪ್ರಕಾರ ತಗೊಳ್ಳೋರು ಹೆದರಬೇಕಿಲ್ಲ. ಆಪರೇಷನ್ ಆದವರಿಗೆ, ಕ್ಯಾನ್ಸರ್ ನೋವಿನವರಿಗೆ ಇಂಥ ಔಷಧ ಬೇಕೇ ಬೇಕು.

ಕಾಕಾ ಒಮ್ಮೆಲೇ ಬಿಡಲಿಲ್ಲ. ಡಾಕ್ಟರ್ ಹೇಳಿದಂಗ ಹಂತಹಂತವಾಗಿ ಕಡಿಮೆ ಮಾಡಿದ್ರು. ಈಗ ಸೊಂಟಕ್ಕ ವ್ಯಾಯಾಮ, ರಾತ್ರಿ ನಿದ್ದಿ. "ಮೊದಲೇ ಯಾರಾದ್ರೂ ಹೇಳಿದ್ರ ಚಲೋ ಇತ್ತು" ಅಂದ್ರು. ಅದಕ್ಕೇ ಈ ಸೀರೀಸ್.

ನಿಮ್ಮ ಮನಿಯ ಗುಳಿಗಿ ಡಬ್ಬಿ ಇವತ್ತೇ ತೆಗೆದು, ಚೀಟಿಯ ತಾರೀಖು ನೋಡ್ರಿ. ಯಾರಿಗಾದ್ರೂ ಸಹಾಯ ಬೇಕಿದ್ರ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಮಾತಿಗೆ ಟೆಲಿ-ಮಾನಸ್ 14416. ಸೇವ್ ಮಾಡ್ಕೊಳ್ರಿ 🙏

#ಗುಳಿಗಿಯ_ಇತಿಹಾಸ #ಟ್ರಮಡಾಲ್ #ಆದಿತ್ಯನಗರ #ಸೇಡಂ #ಕಲಬುರಗಿ