ಎರೆ ಮಣ್ಣಿನ ನಿವೇಶನಗಳಲ್ಲಿ ಕಟ್ಟಡ ನಿರ್ಮಾಣ: ಮಣ್ಣು ಪರೀಕ್ಷೆ ಕುರಿತು ಮಾಹಿತಿ

ಪೀಠಿಕೆ

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳ ವಿಸ್ತಾರವಾದ ಪ್ರದೇಶವು ಎರೆ ಮಣ್ಣಿನಿಂದ ಕೂಡಿರುತ್ತದೆ. ಹತ್ತಿ, ಜೋಳ ಹಾಗೂ ಕಡಲೆ ಬೆಳೆಗಳಿಗೆ ಉತ್ತಮವಾದ ಈ ಮಣ್ಣು ಕಟ್ಟಡಗಳ ತಳಪಾಯಕ್ಕೆ ತೊಡಕಿನದಾಗಿರುತ್ತದೆ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ನೀರನ್ನು ಹೀರಿ ಉಬ್ಬುತ್ತದೆ ಹಾಗೂ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಈ ಚಲನೆಯು ತಳಪಾಯದ ಎಲ್ಲೆಡೆ ಸಮನಾಗಿರದ ಕಾರಣ ಗೋಡೆಗಳಲ್ಲಿ, ವಿಶೇಷವಾಗಿ ಬಾಗಿಲು ಮತ್ತು ಕಿಟಕಿಗಳ ಮೂಲೆಗಳಲ್ಲಿ, ಓರೆಯಾದ ಬಿರುಕುಗಳು ಉಂಟಾಗುತ್ತವೆ. ಹಗುರವಾದ ಒಂದಂತಸ್ತಿನ ಮನೆಗಳು ಹಾಗೂ ಆವರಣ ಗೋಡೆಗಳು ಹೆಚ್ಚು ಬಾಧಿತವಾಗುತ್ತವೆ. ಇಂತಹ ಬಿರುಕುಗಳಿಗೆ ಗಿಲಾವು ಮಾಡುವುದು ಶಾಶ್ವತ ಪರಿಹಾರವಲ್ಲ. ಸಾಲ ಮತ್ತು ಉಳಿತಾಯದಿಂದ ಮನೆ ನಿರ್ಮಿಸುವವರು ವಿನ್ಯಾಸಕ್ಕೆ ಮುನ್ನವೇ ಮಣ್ಣು ಪರೀಕ್ಷೆ ಮಾಡಿಸುವುದು ಸೂಕ್ತ.

ಪರೀಕ್ಷೆಯ ವಿಧಾನ

1. ನಿವೇಶನ ತನಿಖೆಯನ್ನು ಭಾರತೀಯ ಮಾನಕ ಐ.ಎಸ್. 1892ರಂತೆ ಕೈಗೊಳ್ಳಲಾಗುತ್ತದೆ. ಚಿಕ್ಕ ಕಟ್ಟಡಕ್ಕೆ ನಿವೇಶನದ ಮಧ್ಯದಲ್ಲಿ ಒಂದು ಗುಂಡಿ ಅಥವಾ ಕೊಳವೆ ರಂಧ್ರ ಸಾಕಾಗಬಹುದು. ಸುಮಾರು 0.4 ಹೆಕ್ಟೇರ್ ವ್ಯಾಪಿಸುವ ಕಟ್ಟಡಕ್ಕೆ ನಾಲ್ಕು ಮೂಲೆಗಳಲ್ಲಿ ಹಾಗೂ ಮಧ್ಯದಲ್ಲಿ ಒಟ್ಟು 5 ರಂಧ್ರಗಳು ಅವಶ್ಯ.

2. ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಪರೀಕ್ಷೆಯಲ್ಲಿ 63.5 ಕಿ.ಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಮೊದಲ 15 ಸೆಂ.ಮೀ. ಬಿಟ್ಟು ನಂತರದ 30 ಸೆಂ.ಮೀ. ಇಳಿಯಲು ಬೇಕಾದ ಹೊಡೆತಗಳನ್ನು ಎಣಿಸಲಾಗುತ್ತದೆ.

3. ಉಬ್ಬುವಿಕೆಯ ಪರೀಕ್ಷೆಯಲ್ಲಿ ತಲಾ 10 ಗ್ರಾಂ ಒಣ ಮಣ್ಣನ್ನು ನೀರು ಮತ್ತು ಸೀಮೆಎಣ್ಣೆಯಲ್ಲಿ ಪ್ರತ್ಯೇಕವಾಗಿ ಇರಿಸಿ, ಗಾತ್ರಗಳನ್ನು ಹೋಲಿಸಲಾಗುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಹೆಚ್ಚಳವು ಶೇ. 50ಕ್ಕಿಂತ ಕಡಿಮೆ ಇದ್ದಲ್ಲಿ ಅಲ್ಪ, 50ರಿಂದ 100 ಮಧ್ಯಮ, 100ರಿಂದ 200 ಅಧಿಕ, 200ಕ್ಕಿಂತ ಮೇಲ್ಪಟ್ಟಲ್ಲಿ ಅತ್ಯಧಿಕ ಎಂದು ವರ್ಗೀಕರಿಸಲಾಗಿದೆ.

ತಳಪಾಯದ ಆಯ್ಕೆ

ಎರೆ ಮಣ್ಣು ತೆಳುವಾಗಿದ್ದಲ್ಲಿ ಅದನ್ನು ಪೂರ್ಣವಾಗಿ ತೆಗೆದು ಗಟ್ಟಿ ಪದರದ ಮೇಲೆ ತಳಪಾಯ ಹಾಕಬಹುದು. ಆಳವಾಗಿದ್ದಲ್ಲಿ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಅಂಡರ್-ರೀಮ್ಡ್ ಪೈಲ್ ಸೂಕ್ತ. ಇದರ ತಳಭಾಗದ ಉಬ್ಬು ಸಾಮಾನ್ಯವಾಗಿ ಕಂಬದ ವ್ಯಾಸದ 2.5 ಪಟ್ಟು ಇರುತ್ತದೆ. ಆಳವಾದ ಎರೆ ಮಣ್ಣಿನಲ್ಲಿ ಪೈಲ್‌ನ ಉದ್ದವು ನೆಲಮಟ್ಟದಿಂದ 3.5 ಮೀಟರ್‌ಗಿಂತ ಕಡಿಮೆ ಇರಬಾರದು. ಮಣ್ಣು ಉಬ್ಬಿದಾಗ ತೊಲೆಯನ್ನು ಮೇಲಕ್ಕೆ ಎತ್ತದಂತೆ ತೊಲೆ ಮತ್ತು ನೆಲದ ನಡುವೆ ಕನಿಷ್ಠ 80 ಮಿ.ಮೀ. ಅಂತರ ಬಿಡಬೇಕು.

ನಾಗರಿಕರು ಗಮನಿಸಬೇಕಾದ ಅಂಶಗಳು

• ಪರೀಕ್ಷೆಗೆ ಎನ್.ಎ.ಬಿ.ಎಲ್. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಆದ್ಯತೆ ನೀಡುವುದು.

• ಅರ್ಜಿಯೊಂದಿಗೆ ನಿವೇಶನದ ನಕ್ಷೆ ಹಾಗೂ ಉದ್ದೇಶಿತ ಅಂತಸ್ತುಗಳ ವಿವರ ಒದಗಿಸುವುದು. ಮುಂದೆ ಅಂತಸ್ತು ಹೆಚ್ಚಿಸುವ ಉದ್ದೇಶವಿದ್ದಲ್ಲಿ ಮೊದಲೇ ತಿಳಿಸುವುದು.

• ವರದಿಯಲ್ಲಿ ರಂಧ್ರದ ಸ್ಥಳ, ಪದರಗಳ ವಿವರ, ಅಂತರ್ಜಲ ಮಟ್ಟ, ಮಣ್ಣಿನ ಸುರಕ್ಷಿತ ಧಾರಣಾ ಸಾಮರ್ಥ್ಯ ಹಾಗೂ ಶಿಫಾರಸು ಮಾಡಿದ ತಳಪಾಯ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳುವುದು.

• ನೆರೆಯ ನಿವೇಶನದ ವರದಿಯನ್ನು ಅವಲಂಬಿಸದಿರುವುದು. ಮಣ್ಣಿನ ಪದರಗಳು ಕೆಲವೇ ಮೀಟರ್ ಅಂತರದಲ್ಲಿ ಬದಲಾಗಬಹುದು.

• ಅಗೆದ ಎರೆ ಮಣ್ಣನ್ನು ಮರಳಿ ತುಂಬದೆ ಗರಸು ಬಳಸುವುದು. ಮಳೆನೀರು ಹಾಗೂ ಬಚ್ಚಲ ನೀರು ತಳಪಾಯದ ಬಳಿ ನಿಲ್ಲದಂತೆ ಹೊರಸಾಗಿಸುವುದು.

ಪರೀಕ್ಷಾ ವರದಿಯನ್ನು ಕಟ್ಟಡ ಪೂರ್ಣಗೊಂಡ ನಂತರವೂ ಇತರ ದಾಖಲೆಗಳೊಂದಿಗೆ ಕಾಯ್ದಿರಿಸತಕ್ಕದ್ದು.